ಕೈ ಹಿಂದೆ ಕಟ್ಟಿದ ಈರಣ್ಣ ಸರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಪ್ರೋಗ್ರಾಮ್ ಬರೆಯಲು ಕಲಿಸಿದ ಗುರುವಿನ ದನಿಯನ್ನೇ ಕದ್ದು, ಅದನ್ನು ಕಂಪ್ಯೂಟರಿಗೆ ತುಂಬಿ, ಅವರ ಎಂಬತ್ತು ದಾಟಿದ ತಾಯಿಯ ಎದುರು ಬಿಟ್ಟು, ನಾನು ಖಾನಾಪುರಕ್ಕೆ ಗೆಳೆಯನ ನಿಶ್ಚಿತಾರ್ಥದ ಊಟಕ್ಕೆ ಹೋಗಿದ್ದೆ. ಬೇರೆ ಯಾರೋ ಮಾಡಿದರೆಂದು ಬರೆದಿದ್ದರೆ ನಾನೂ ಓದಿ ನಗಬಹುದಿತ್ತು. ಮಾಡಿದ್ದು ನಾನೇ. ಆ ಮಧ್ಯಾಹ್ನ ನೆನಪಾದರೆ ಈಗಲೂ ಅಂಗೈ ಬೆವರುತ್ತದೆ. ಇಷ್ಟು ಟೈಪ್ ಮಾಡುವುದರೊಳಗೆ ಎರಡು ಸಲ ಪ್ಯಾಂಟಿಗೆ ಒರೆಸಿಕೊಂಡೆ.

ಈರಣ್ಣ ಸರ್ ಅಂದರೆ ನನಗೆ ಮೊದಲು ಕಾಣುವುದು ಅವರ ಮುಖವಲ್ಲ, ಬೆನ್ನ ಹಿಂದಿನ ಕೈಗಳು. ಎಡಗೈಯ ಮಣಿಕಟ್ಟನ್ನು ಬಲಗೈ ಗಟ್ಟಿಯಾಗಿ ಹಿಡಿದಿರುತ್ತಿತ್ತು, ಕಳ್ಳನನ್ನು ಪೊಲೀಸ್ ಹಿಡಿದ ಹಾಗೆ. ಬೆಳಗಾವಿಯ ಮಗ್ಗದವರ ಬಡಾವಣೆ ವಡಗಾವಿಯ ಒಂದು ಇಕ್ಕಟ್ಟು ಓಣಿಯಲ್ಲಿ, ಅವರ ತಂದೆಯ ಕಾಲಕ್ಕೆ ಮಗ್ಗಗಳಿದ್ದ ಮುಂಗೋಣೆಯಲ್ಲಿ, ಎಂಟು ಹಳೇ ಕಂಪ್ಯೂಟರಿಟ್ಟುಕೊಂಡು ಅವರು ಕ್ಲಾಸ್ ನಡೆಸುತ್ತಿದ್ದರು. ಎಂಟು ಕುರ್ಚಿಗಳ ಹಿಂದೆ ಆ ಕಟ್ಟಿದ ಕೈಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಒಬ್ಬ ವಿದ್ಯಾರ್ಥಿಯ ಕೀಬೋರ್ಡನ್ನೂ ಅವು ಮುಟ್ಟಿದ್ದನ್ನು ನಾನು ಕಾಣೆ. ನಮ್ಮ ಕಣ್ಣಲ್ಲಿ ನೀರು ಬಂದರೂ ಮುಟ್ಟುತ್ತಿರಲಿಲ್ಲ.

"ಸರ್, ನೀವ ಒಂದೀಟು ಒತ್ತಿ ತೋರಸ್ರಿ" ಎಂದು ಒಮ್ಮೆ ಅಂಗಲಾಚಿದ್ದೆ.

"ನಾ ಒತ್ತಿದ್ರ ನನಗ ಬರತೈತಿ. ನನಗ ಆಗಲೇ ಬಂದೈತಿ" ಎಂದು ಮುಂದಿನ ಕುರ್ಚಿಗೆ ಹೋದರು.

ಇನ್ನೊಂದು ಚಾಳಿಯಿತ್ತು, ನಮ್ಮನ್ನು ನಿಜವಾಗಿ ಹೆದರಿಸಿದ್ದು ಅದೇ. ಅವರು ಯಾವ ಮಾತನ್ನೂ ಎರಡನೇ ಸಲ ಆಡುತ್ತಿರಲಿಲ್ಲ. ಗೋಡೆಯಾಚೆ ಪಕ್ಕದ ಮನೆಯವರ ಪವರ್‌ಲೂಮ್‌ಗಳು ಬೆಳಗಿನಿಂದ ಸಂಜೆಯವರೆಗೆ ಖಟಕ್ ಖಟಕ್ ಅನ್ನುತ್ತಿದ್ದವು. ಸರ್ ಬಂದು, ಬಾಗಿ, ಕಿವಿಯ ಹತ್ತಿರ ತಗ್ಗಿದ ದನಿಯಲ್ಲಿ ಒಂದು ವಾಕ್ಯ ಹೇಳುವರು. ಕೇಳಿಸಿತೋ ನಿಮ್ಮ ಪುಣ್ಯ. ಇಲ್ಲವೋ, ಆ ವಾಕ್ಯ ಹೋಯಿತು. "ಏನಂದ್ರಿ ಸರ್?" ಎಂದರೆ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ ಮುಂದೆ ನಡೆಯುವರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಿದ್ದರೆ ಒಳ್ಳೆಯದಿತ್ತು.

ಯಾಕೆ ಹೀಗೆ ಎಂದು ಕೇಳುವ ಧೈರ್ಯ ಮಾಡಿದವಳು ವೈಷ್ಣವಿ, ನನ್ನ ಪಕ್ಕದ ಕುರ್ಚಿಯವಳು. ಟಿಳಕವಾಡಿಯ ಮರಾಠಿ ಮನೆಯ ಹುಡುಗಿ; ಯಾರಿಗೂ ಅಂಜದವಳು.

"ಮಗ್ಗದ ಮನ್ಯಾಗ ಹುಟ್ಟಿದಾವ ನಾ" ಎಂದರು ಸರ್. "ಆ ಸಪ್ಪಳದಾಗ ಎರಡ ಸಲ ಹೇಳಾಕ ಯಾರಿಗೆ ಪುರಸೊತ್ತಿತ್ತು? ನಮ್ಮಪ್ಪ ಕಿವಿಗೆ ಬಾಯಿ ಹಚ್ಚಿ ಒಮ್ಮೆ ಹೇಳಾವ. ಅಷ್ಟರಾಗ ತಿಳಕೊಳ್ಳಲಿಲ್ಲಂದ್ರ ದಾರ ಹರದ ಹೋಗತಿತ್ತು."

ಈಗ ನನ್ನ ಪರಿಚಯ. ಖಾನಾಪುರ ಸ್ಟ್ಯಾಂಡಿನ ಬಾಜು ನಮ್ಮಪ್ಪನ ಝೆರಾಕ್ಸ್ ಅಂಗಡಿಯಿದೆ. ಅಪ್ಪ ಕಾಗದದ ನಕಲು ತೆಗೆಯುತ್ತಾನೆ, ನಾನು ಮನುಷ್ಯರದ್ದು ತೆಗೆಯುತ್ತೇನೆ. ನಕಲು ನಮ್ಮ ಮನೆತನದ ಉದ್ಯೋಗ. ಬಸ್ ಕಂಡಕ್ಟರ್, ಮೆಂತ್ಯೆ ಸೊಪ್ಪು ಮಾರುವ ಮಾವಶಿ, ಕಾಲೇಜಿನ ಪ್ರಿನ್ಸಿಪಾಲರು, ಮೂಗಿನಲ್ಲೇ ಮರಾಠಿ ಮಾತಾಡುವ ನಮ್ಮ ಸೋದರಮಾವ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನನಗೆ ಬಾರದ್ದು ಒಂದೇ, ಪ್ರೋಗ್ರಾಮಿಂಗ್. ಬಿಸಿಎ ಮೊದಲ ಸೆಮಿಸ್ಟರಿನಲ್ಲಿ ಆ ಒಂದು ಪೇಪರ್ ನನ್ನನ್ನು ಕೆಡವಿತು. ಕರಿ ಪರದೆ, ಅದರ ಮೂಲೆಯಲ್ಲಿ ಮಿಣಕ್ ಮಿಣಕ್ ಅನ್ನುವ ಒಂದು ಗೆರೆ. ಅದನ್ನು ನೋಡಿದರೆ ಕತ್ತಲೆಯಲ್ಲಿ ಯಾವುದೋ ಪ್ರಾಣಿ ಕಣ್ಣು ಪಿಳುಕಿಸುತ್ತ ನಾನು ತಪ್ಪುವುದನ್ನೇ ಕಾಯುತ್ತಿದೆ ಅನ್ನಿಸುತ್ತಿತ್ತು. ಒಂದಕ್ಷರ ಹೆಚ್ಚುಕಮ್ಮಿಯಾದರೆ ಕೆಂಪು ಅಕ್ಷರದಲ್ಲಿ ಬೈಗುಳ, ಅದೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬೈದರೆ ತಿರುಗಿ ಬೈಯಬಹುದಿತ್ತು.

ಅಂಜಿದ ಮನುಷ್ಯ ಏನು ಮಾಡುತ್ತಾನೋ ಅದನ್ನೇ ನಾನೂ ಮಾಡಿದೆ. ಮೊದಲ ದಿನವೇ ಸರ್ ಎದುರು, "ಬೇಸಿಕ್ ಎಲ್ಲಾ ಗೊತ್ತೈತ್ರಿ ಸರ್, ಬರೇ ಲೂಪ್ ಸ್ವಲ್ಪ ಡಿಬಗ್ ಮಾಡಬೇಕಾಗೇತಿ" ಎಂದೆ. ಯಾವುದೋ ವಿಡಿಯೋದಲ್ಲಿ ಕೇಳಿದ ಮಾತು, ಆ ವಿಡಿಯೋದವನದೇ ದನಿಯಲ್ಲಿ.

ಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಕಲಿ ಚೊಲೊ ಮಾಡ್ತಿ. ಹಂಗಾರ ಕಂಪ್ಯೂಟರಿಂದ ಮಾಡು."

ಆಟ ಇಷ್ಟೇ: ನಾನು ಕಂಪ್ಯೂಟರು, ವೈಷ್ಣವಿ ಅಪ್ಪಣೆ ಕೊಡುವವಳು. ಅವಳು ಹೇಳಿದ್ದನ್ನು ಮಾಡಬೇಕು, ಹೇಳದ್ದನ್ನು ಮಾಡಬಾರದು.

"ಎದ್ದು ನಿಂದರು. ಬಾಗಿಲ ಕಡೆ ನಡಿ" ಎಂದಳು. ನಾನು ರೋಬೋನಂತೆ ಕೈಕಾಲು ಸೆಟೆಸಿ ನಡೆದು, ಠೀವಿಯಿಂದ ಬಾಗಿಲು ತೆರೆದು, ಎಲ್ಲರಿಗೂ ನಮಸ್ಕಾರ ಹಾಕಿದೆ.

"ಬಾಗಿಲಾ ತಗಿ ಅಂತ ಯಾರ ಹೇಳಿದ್ರು?" ಎಂದರು ಸರ್.

ಮತ್ತೆ ಮೊದಲಿಂದ. ಈ ಸಲ ನಡೆದುಹೋಗಿ ಮುಚ್ಚಿದ ಬಾಗಿಲಿಗೆ ಮೂಗು ಬಡಿಯಿತು. ನಿಂತೆ. "ನಿಂದರು ಅಂತ ನಾ ಅಂದಿಲ್ಲ ಹಂ!" ಎಂದು ವೈಷ್ಣವಿ ಕೂಗಿದಳು. ಹೌದಲ್ಲ! ನಿಂತಲ್ಲೇ ಹೆಜ್ಜೆ ಹಾಕತೊಡಗಿದೆ. ಮೊಣಕಾಲು ಬಾಗಿಲಿಗೆ ಧಡ್ ಧಡ್. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವಳಿಗೆ ನಿಲ್ಲಿಸುವ ಮನಸ್ಸಿರಲಿಲ್ಲ, ನನಗೆ ನಿಲ್ಲುವ ಹಕ್ಕಿರಲಿಲ್ಲ. ಮೊಣಕಾಲು ಕೆಂಪಾಗುತ್ತಿದ್ದರೂ ಯಾರೂ 'ಸಾಕು' ಅನ್ನುತ್ತಿಲ್ಲವಲ್ಲ ಎಂಬ ಒಂದು ಸಣ್ಣ ಹೆದರಿಕೆ ಆಗ ಹುಟ್ಟಿತು. ಸರ್ ಮಾತ್ರ ನಗಲಿಲ್ಲ.

"ಅದಕ್ಕ ಬುದ್ಧಿ ಇಲ್ಲ, ವಿನಯ ಐತಿ" ಎಂದರು. "ಬುದ್ಧಿ ಇಲ್ಲದ ವಿನಯಕ್ಕ ಅಂಜಬೇಕು."

ಅಂದಿನಿಂದ ಅವರ ಬಾಯಲ್ಲಿ ನನ್ನ ಹೆಸರು ಪ್ರವೀಣ ಅಲ್ಲ, ಝೆರಾಕ್ಸ್.

ಹೆಸರಿಗೆ ತಕ್ಕಂತೆ ನಡೆದುಕೊಂಡೆ. ಹತ್ತು ಹುಡುಗರ ಅಂಕ ಕೂಡಿಸಿ ಸರಾಸರಿ ತೆಗೆಯುವ ಪ್ರೋಗ್ರಾಮ್ ಬರೆದು ತನ್ನಿ ಎಂದಾಗ ಇಂಟರ್ನೆಟ್ಟಿನಿಂದ ಎತ್ತಿ ತಂದೆ. ಸೊಗಸಾಗಿ ಓಡಿತು. ಸರ್ ನನ್ನ ಹಿಂದೆ ನಿಂತು ಪರದೆಯನ್ನು ಓದಿದರು, ಪತ್ರ ಓದುವವರಂತೆ.

"ಇದು ಯಾರ ದನಿ?" ಎಂದರು.

"ನಂದ ರೀ ಸರ್."

"ಏಳನೇ ಸಾಲು ತಗದ್ರ ಏನಾಗತೈತಿ?"

ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಪ್ರತಿ ಸಾಲನ್ನೂ ನಾನೇ ಅಳಿಸಿ, ಓಡಿಸಿ, ಏನು ಕೆಟ್ಟಿತೆಂದು ಬಾಯಿಬಿಟ್ಟು ಹೇಳಿ, ಮತ್ತೆ ಬರೆಯುವಂತೆ ಮಾಡಿದರು. ಸಂಜೆಯ ಖಾನಾಪುರದ ಬಸ್ಸು ತಪ್ಪಿತು. ಆದರೆ ಆ ದಿನ ಮೊದಲ ಬಾರಿಗೆ ಕರಿ ಪರದೆಯ ಮಿಣುಕು ಗೆರೆ ಪ್ರಾಣಿಯ ಕಣ್ಣಿನಂತೆ ಕಾಣಲಿಲ್ಲ. ಏನು ಹೇಳುತ್ತಾನೋ ಎಂದು ಕಾಯುತ್ತ ಕೂತವರಂತೆ ಕಂಡಿತು.

ಇಷ್ಟಾದರೂ ನನ್ನ ಗಂಟಲಿಗೆ ಮರ್ಯಾದೆ ಬರಲಿಲ್ಲ. ಚಹಾದ ಬಿಡುವಿನಲ್ಲಿ ಕೈ ಹಿಂದೆ ಕಟ್ಟಿ, ಕುತ್ತಿಗೆ ಮುಂದೆ ಚಾಚಿ, ಸರ್ ದನಿ ತೆಗೆದೆ: "ನಾ ಒತ್ತಿದ್ರ ನನಗ ಬರತೈತಿ, ನನಗ ಆಗಲೇ ಬಂದೈತಿ, ನಮ್ಮಪ್ಪಗೂ ಬಂದಿತ್ತು, ಅವರಪ್ಪಗೂ ಬಂದಿತ್ತು..." ನಗು ಎದ್ದಷ್ಟೂ ನಾನು ಎಳೆದೆ. ಒಮ್ಮೆಲೇ ನಗು ನಿಂತಿತು. ವೈಷ್ಣವಿ ತನ್ನ ಚಹಾದ ಲೋಟದೊಳಗೆ ಏನೋ ಹುಡುಕತೊಡಗಿದಳು. ನನ್ನ ಹಿಂದೆ, ನಾನು ನಿಂತಂತೆಯೇ, ಕೈ ಕಟ್ಟಿ ಸರ್ ನಿಂತಿದ್ದರು.

"ದನಿ ಬಂದೈತಿ" ಎಂದರು. "ಎಲ್ಲಿ ನಿಂದರಬೇಕು ಅನ್ನೂದು ಬಂದಿಲ್ಲ."

ಅಷ್ಟೇ. ಬಡಿದಿದ್ದರೆ ಸಂಜೆಗೆ ಮರೆತುಬಿಡುತ್ತಿದ್ದೆ.

ಕ್ಲಾಸಿನ ಹಿಂದೆಯೇ ಮನೆ. ಅಲ್ಲಿ ಸರ್ ಅವರ ಹೆಂಡತಿ, ನಾವು ಕಾಕು ಅನ್ನುತ್ತಿದ್ದೆವು. ಮತ್ತು ಸರ್ ತಾಯಿ, ನಮ್ಮೆಲ್ಲರ ಆಯಿ. ಆಯಿಗೆ ಒಂದು ಕಣ್ಣು ಪೂರ್ತಿ ಮಸುಕು, ಇನ್ನೊಂದು ಅರ್ಧ. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದಾಗಲೆಲ್ಲ ನಾನು ಯಾರದಾದರೂ ದನಿಯಲ್ಲಿ ಕರೆಯುತ್ತಿದ್ದೆ. "ಮೆಂತೆ ಪಲ್ಲೆ ಬೇಕೇನ್ರೀ ಆಯೀ?" ಎಂದರೆ, "ತಾಜಾ ಐತೇನು?" ಎಂದು ಸೆರಗು ಸರಿಪಡಿಸಿಕೊಂಡು ಏಳುವಳು. ಆಮೇಲೆ, "ಥೂ, ಖಾನಾಪುರದಾವ!" ಎಂದು ನಗುವಳು. ನನ್ನಾಟಕ್ಕೆ ಪ್ರತಿ ಸಲ ಬೀಳುತ್ತಾಳೆ ಎಂದೇ ನಾನು ತಿಳಿದಿದ್ದೆ.

ಆಯಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನ ಊಟವಾದ ಮೇಲೆ, ಒಂದು ಗಂಟೆಗೆ, ಒಂದೇ ಒಂದು ಗುಳಿಗೆ. ಅದನ್ನು ನುಂಗಿಸುವುದು ಮನೆಯ ದೊಡ್ಡ ಕಲಹ. ಕಾಕು ಹೇಳಿದರೆ ಕೇಳಳು, ನಾವು ಹೇಳಿದರೆ ಕೇಳಳು. ಸರ್ ಬಾಗಿಲಲ್ಲಿ ನಿಂತು "ಅವ್ವಾ, ಗುಳಿಗಿ ತಗೋ" ಎಂದರೆ ಮಾತ್ರ ಮರುಮಾತಿಲ್ಲದೆ ನುಂಗುವಳು. ಹೆಚ್ಚಾದರೆ ಆ ಗುಳಿಗೆಯೇ ಅಪಾಯ, ರಕ್ತದ ಸಕ್ಕರೆ ಇಳಿದು ಮಲಗಿದವಳು ಏಳದೇ ಹೋಗಬಹುದು ಎಂದು ಕಾಕು ಎಷ್ಟೋ ಸಲ ಹೇಳಿದ್ದರು.

ಕ್ಲಾಸಿನ ಕೊನೆಗೆ ಸರ್ ಎಲ್ಲರಿಗೂ ಒಂದು ಕೆಲಸ ಕೊಟ್ಟರು: ಕಣ್ಣೆದುರಿಗಿರುವ ಒಬ್ಬರಿಗೆ ಉಪಯೋಗವಾಗುವ ಪ್ರೋಗ್ರಾಮ್ ಬರೆಯಿರಿ, ನನಗೆ ಓದಿ ತೋರಿಸದೆ ಯಾರ ಕೈಗೂ ಕೊಡಬೇಡಿ. ನಾನು ಆಯಿಯನ್ನು ಆರಿಸಿಕೊಂಡೆ. ಒಂದು ಗಂಟೆಗೆ ಕಂಪ್ಯೂಟರು ತಾನೇ ಕರೆಯಬೇಕು. ಆಯಿ ಗುಳಿಗೆ ನುಂಗಿ ಕೀಬೋರ್ಡಿನ ಉದ್ದನೆಯ ಕೀಲಿಯನ್ನು ಒತ್ತಬೇಕು. ಕೈಗೆ ಸಿಗಲೆಂದು ಅದಕ್ಕೆ ಹೆಂಗಸರು ಹಣೆಗೆ ಹಚ್ಚುವ ಒಂದು ದಪ್ಪ ಟಿಕಳಿ ಅಂಟಿಸಿದ್ದೆ. ಒತ್ತುವವರೆಗೆ ಐದೈದು ನಿಮಿಷಕ್ಕೆ ಮತ್ತೆ ಕರೆಯಬೇಕು. ಈ ಮತ್ತೆ ಮತ್ತೆ ಮಾಡುವುದಕ್ಕೇ ಲೂಪ್ ಅನ್ನುತ್ತಾರೆ. ಆ ತುಂಡನ್ನು ಎಂದಿನಂತೆ ಬೇರೆಯವರದ್ದು ಎತ್ತಿದೆ. ಕರೆಯುವ ದನಿ ಯಾರದ್ದು? ಆಯಿ ಯಾರ ಮಾತು ಕೇಳುತ್ತಾಳೋ ಅವರದ್ದು. ಕ್ಲಾಸಿನಲ್ಲಿ ಯಾರೂ ಇಲ್ಲದಾಗ ಸರ್ ದನಿಯಲ್ಲಿ "ಅವ್ವಾ, ಗುಳಿಗಿ ತಗೋ" ಎಂದು ರೆಕಾರ್ಡ್ ಮಾಡಿದೆ. ನನಗೇ ಮೈ ಜುಮ್ಮೆಂದಿತು. ಅಷ್ಟು ಚೆನ್ನಾಗಿ ಬಂದಿತ್ತು.

ಒಂದು ಶನಿವಾರ ಸರ್ ನನ್ನ ಕಿವಿಯ ಹತ್ತಿರ ಬಾಗಿದರು. "ನಾಳೆ ಮಗಳನ್ನ ವಿಮಾನ ಹತ್ತಸಾಕ ಸಾಂಬ್ರಾಕ್ಕ ಹೊಂಟೇವಿ. ಅಲ್ಲೇ ಬೀಗರ ಮನ್ಯಾಗ ಊಟ. ಅವ್ವಗ ಒಂದಕ್ಕ ಗುಳಿಗಿ ಕೊಡು."

ಒಂದೇ ಸಲ ಹೇಳಿದರು. ಸ್ಪಷ್ಟವಾಗಿ ಕೇಳಿಸಿಕೊಂಡೆ. ಎಂಟು ಜನರಲ್ಲಿ ನನಗೇ ಹೇಳಿದರಲ್ಲ ಎಂದು ಎದೆಯುಬ್ಬಿತು ಕೂಡ.

ಆದರೆ ಮರುದಿನ ರವಿವಾರ ಖಾನಾಪುರದಲ್ಲಿ ಗೆಳೆಯನ ನಿಶ್ಚಿತಾರ್ಥ, ನಮ್ಮ ಕಡೆಯ ಸಾಖರಪುಡೆ. ನನ್ನ ಮಿಮಿಕ್ರಿ ಇಲ್ಲದೆ ಊಟ ಇಳಿಯುವುದಿಲ್ಲ ಎಂದು ಅವನ ಕಡೆಯವರೆಲ್ಲ ಹೇಳಿದ್ದರು. ನಾನು ಬೆಳಿಗ್ಗೆ, ಸರ್ ಮನೆಯವರು ಹೊರಟುಹೋದ ಮೇಲೆ, ವಡಗಾವಿಗೆ ಹೋಗಿ, ಒಂದು ಕಂಪ್ಯೂಟರನ್ನು ಪಡಸಾಲೆಯಲ್ಲಿ ಆಯಿಯ ಚಾಪೆಯ ಪಕ್ಕ ಇಟ್ಟೆ. ಸ್ಪೀಕರಿಟ್ಟೆ. ನೀರಿನ ತಂಬಿಗೆ, ಊಟದ ಡಬ್ಬಿ, ಕಾಕು ತೆಗೆದಿಟ್ಟಿದ್ದ ಹತ್ತು ಗುಳಿಗೆಗಳ ಹೊಸ ಪಟ್ಟಿ, ಎಲ್ಲ ಕೈಗೆಟಕುವಂತೆ ಜೋಡಿಸಿದೆ. ಆಯಿ ಹಿತ್ತಲಲ್ಲಿದ್ದಾಗ ಒಮ್ಮೆ ಓಡಿಸಿ ನೋಡಿದೆ: ಕರೆಯಿತು, ಟಿಕಳಿ ಒತ್ತಿದೆ, ಸುಮ್ಮನಾಯಿತು. ಶಾಭಾಷ್ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. "ಆಯಿ, ಒಂದಕ್ಕ ಕರೀತಾರ, ಗುಳಿಗಿ ತಗೊಂಡು ಈ ಟಿಕಳಿ ಒತ್ರಿ" ಎಂದು, ಯಾರು ಕರೆಯುತ್ತಾರೆಂದು ಹೇಳದೆ, ಹನ್ನೊಂದೂವರೆಯ ಬಸ್ಸು ಹಿಡಿದೆ.

ಊಟವಾಯಿತು, ನನ್ನ ಆಟವೂ ಆಯಿತು. ಊಟ ನಡೆದ ಮಂಗಲ ಕಾರ್ಯಾಲಯದ ಎದುರೇ ಅಪ್ಪನ ಅಂಗಡಿ. ಎರಡು ಗಂಟೆಯ ಸುಮಾರಿಗೆ ನನ್ನ ಜಾಣತನವನ್ನು ಅಪ್ಪನಿಗೂ ತೋರಿಸೋಣವೆಂದು ಪೆನ್‌ಡ್ರೈವ್ ಚುಚ್ಚಿ, ಗಂಟೆ ಬದಲಿಸಿ, ಓಡಿಸಿದೆ. "ಅವ್ವಾ, ಗುಳಿಗಿ ತಗೋ" ಎಂದಿತು. ಒತ್ತಿದೆ. ಸುಮ್ಮನಾಯಿತು.

"ಅಬ್ಬಾ, ಖರೇ ಮಾಸ್ತರ ಮಾತಾಡಿಧಂಗ ಐತಲ್ಲೋ!" ಎಂದ ಅಪ್ಪ. ನಾನು ಬೀಗುತ್ತ ಹೊರಗೆ ಹೋಗಿ ಪಾನ್ ಅಂಗಡಿಯ ಎದುರು ಗೆಳೆಯರ ನಡುವೆ ನಿಂತೆ.

ಸ್ವಲ್ಪ ಹೊತ್ತಿಗೆ ಅಂಗಡಿಯೊಳಗಿಂದ ಅಪ್ಪ ಕೂಗಿದ. "ಲೇ ಪವ್ಯಾ, ನಿಮ್ಮ ಮಾಸ್ತರ ಮತ್ತ ಒದರಾಕತ್ತಾನ ನೋಡು!"

ಮೊದಲು ಅರ್ಥವಾಗಲಿಲ್ಲ. ಒಳಗೆ ಬಂದು ಮತ್ತೆ ಒತ್ತಿದೆ. ಸುಮ್ಮನಾಯಿತು, ಅಥವಾ, ಸುಮ್ಮನೇ ಇತ್ತು. ಗೋಡೆಯ ಗಡಿಯಾರ ನೋಡುತ್ತ ನಿಂತೆ. ಐದು ನಿಮಿಷಕ್ಕೆ ಸರಿಯಾಗಿ: "ಅವ್ವಾ, ಗುಳಿಗಿ ತಗೋ."

ಸಾಲುಗಳನ್ನು ಓದಿದೆ. 'ತಗೊಂಡಾಯಿತು' ಅನ್ನುವವರೆಗೆ ಕರೆ ಎಂದು ಬರೆದಿತ್ತು. ಕೀಲಿ ಒತ್ತಿದರೆ 'ತಗೊಂಡಾಯಿತು' ಎಂದು ಗುರುತು ಹಾಕಿಕೊಳ್ಳುವ ಸಾಲು ಎಲ್ಲೂ ಇರಲಿಲ್ಲ. ಎತ್ತಿ ತಂದ ತುಂಡಿನಲ್ಲಿ ಅದಿರಲಿಲ್ಲ, ನಾನು ಸೇರಿಸಿರಲಿಲ್ಲ. ಒತ್ತಿದ ಮೇಲೆ ಅದು ಸುಮ್ಮನಿದ್ದದ್ದು ನನ್ನ ಅಪ್ಪಣೆಗಲ್ಲ, ಮುಂದಿನ ಐದು ನಿಮಿಷಕ್ಕಾಗಿ ಕಾಯುತ್ತಿತ್ತು. ಬಾಗಿಲಿಗೆ ಮೊಣಕಾಲು ಬಡಿಯುತ್ತ ನಿಂತಿದ್ದ ನಾನೇ ಕಣ್ಣಿಗೆ ಕಟ್ಟಿದೆ.

ಲೆಕ್ಕದಲ್ಲಿ ನಾನು ಎಂದೂ ಅಷ್ಟು ಚುರುಕಾಗಿರಲಿಲ್ಲ. ಒಂದರಿಂದ ಎರಡೂ ಇಪ್ಪತ್ತರವರೆಗೆ, ಐದೈದು ನಿಮಿಷಕ್ಕೊಮ್ಮೆ: ಹದಿನೇಳು ಸಲ. ಪಟ್ಟಿಯಲ್ಲಿದ್ದದ್ದು ಹತ್ತು ಗುಳಿಗೆ. ಆಯಿ ಮಗನ ಮಾತು ಮೀರುವವಳಲ್ಲ.

ಸರ್‌ಗೆ ಫೋನ್ ಹಚ್ಚಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಸರ್ ಫೋನನ್ನು ಪಡಸಾಲೆಯ ಗೋಡೆಯ ಗೂಡಿನಲ್ಲಿಟ್ಟೇ ಹೋಗುವವರೆಂದು ಆಮೇಲೆ ಹೊಳೆಯಿತು. ಅಂದರೆ ಅದು ಆಯಿಯ ತಲೆಯ ಮೇಲೆಯೇ ರಿಂಗಾಗುತ್ತಿದೆ, ಆಯಿ ಎತ್ತುತ್ತಿಲ್ಲ. ಕಾಕು ನಂಬರ್ ನನ್ನಲ್ಲಿರಲಿಲ್ಲ. ವೈಷ್ಣವಿ ಕೊಲ್ಹಾಪುರದ ಮದುವೆಯಲ್ಲಿದ್ದಳು. ಫೋನೆತ್ತಿ ನನಗೆ ಬ್ಯಾಂಡ್ ಬಾಜಾ ಕೇಳಿಸಿದಳು. ಅಪ್ಪನ ಸ್ಕೂಟರ್ ತೆಗೆದೆ. "ಏನಾತೋ?" ಎಂದು ಅಪ್ಪ ಕೇಳಿದ. ಬಾಯಿ ತೆರೆದೆ, ಯಾರ ದನಿಯೂ ಬರಲಿಲ್ಲ.

ಖಾನಾಪುರದಿಂದ ಬೆಳಗಾವಿಗೆ ಅಷ್ಟು ದೂರವಿದೆಯೆಂದು ನನಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಕಣ್ಣು ಗಡಿಯಾರದ ಮೇಲೆ. ಐದು ನಿಮಿಷವಾದಾಗಲೆಲ್ಲ ಕಿವಿಯಲ್ಲಿ ಅದೇ ದನಿ. ಹೆಲ್ಮೆಟ್ಟಿನೊಳಗೆ ನಾನೇ ಅಂದುಕೊಳ್ಳುತ್ತಿದ್ದೆನೋ ಏನೋ. ಮಚ್ಚೆ ದಾಟಿತು, ಪೀರನವಾಡಿ ದಾಟಿತು. ಊರೊಳಗೆ ಬಂದರೆ ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ. ಡಬ್ಬಿಗಳು ಮುಗಿಯವು. ಒಂದರ ಹಿಂದೆ ಒಂದು, ಒಂದರ ಹಿಂದೆ ಒಂದು, ಅದಕ್ಕೂ ಯಾರೂ ನಿಲ್ಲು ಅಂದಿಲ್ಲವೇನೋ ಅನ್ನುವಂತೆ. ಪಕ್ಕದ ಬೈಕಿನವನು ನನ್ನ ಮುಖ ನೋಡಿ, "ಯಾಕೋ ತಮ್ಮಾ, ದವಾಖಾನಿಗೇನು?" ಎಂದ. ಅವನು ಆ ಮಾತು ಆಡಬಾರದಿತ್ತು.

ಮಗ್ಗಗಳಿಗೆ ಅಂದು ವಾರದ ರಜೆ. ವಡಗಾವಿಯ ಆ ಓಣಿ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಸ್ಕೂಟರ್ ನಿಲ್ಲಿಸುವಾಗ ಮನೆಯೊಳಗಿಂದ ಗೊಗ್ಗರಾಗಿ, ದೂರದಿಂದ ಬಂದಂತೆ ಕೇಳಿತು: "ಅವ್ವಾ, ಗುಳಿಗಿ ತಗೋ." ನನ್ನದೇ ಗಂಟಲು. ನನ್ನ ಗಂಟಲಿಗೆ ನಾನು ಅಷ್ಟು ಹೆದರಿದ್ದು ಅದೇ ಮೊದಲು.

ಬಾಗಿಲಿಗೆ ಅಗಳಿ ಹಾಕಿರಲಿಲ್ಲ, ಬರೀ ಮುಂದೆ ಮಾಡಿತ್ತು. ಆಯಿ ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕದಲಲಿಲ್ಲ. "ಆಯಿ" ಎಂದೆ. ಇಲ್ಲ. ಹತ್ತಿರ ಹೋಗಲು ಧೈರ್ಯ ಬಾರದೆ ಮೊದಲು ಗುಳಿಗೆಯ ಪಟ್ಟಿ ಎತ್ತಿಕೊಂಡೆ. ಎಣಿಸಿದೆ. ಒಂಬತ್ತು. ಮತ್ತೆ ಎಣಿಸಿದೆ, ಬೆರಳಿಟ್ಟು. ಒಂಬತ್ತು. ಖಾಲಿಯಾದ ಗೂಡು ಒಂದೇ.

ಆಮೇಲೆ ಕಂಡಿತು: ಸ್ಪೀಕರಿನ ಮೇಲೆ ನಾಲ್ಕು ಮಡಿಕೆ ಮಾಡಿದ ಕೌದಿ ಹೊದಿಸಿತ್ತು. ಆಯಿಯ ಕಿವಿಯಲ್ಲಿ ಹತ್ತಿ. ಭುಜ ಮುಟ್ಟಿದೆ. ಆಯಿ ತಿರುಗಿ, ಹತ್ತಿ ತೆಗೆದು, ಅರ್ಧ ಕಣ್ಣಿನಿಂದ ನನ್ನನ್ನು ನೋಡಿ, "ಬಂದ್ಯಾ? ಮೊದಲ ಅದರ ಬಾಯಿ ಮುಚ್ಚಸು" ಎಂದಳು.

ನಾನು ವೈರು ಕಿತ್ತು, ಅಲ್ಲೇ ನೆಲಕ್ಕೆ ಕೂತು ಅತ್ತೆ. ಯಾರಂತೆಯೂ ಅಲ್ಲದ, ಭಾರೀ ಕೆಟ್ಟ ಅಳು.

ಸರ್ ಸಂಜೆ ಐದಕ್ಕೆ ಬಂದರು. ಓಡಿಹೋಗಬಹುದಿತ್ತು, ಕಟ್ಟೆಯ ಮೇಲೆ ಕೂತೇ ಇದ್ದೆ. ಎಲ್ಲವನ್ನೂ ಹೇಳಿದೆ, ದನಿ ಕದ್ದದ್ದನ್ನೂ. ಆಗ ಅವರ ಕೈಗಳು ಬೆನ್ನ ಹಿಂದಿನಿಂದ ಬಿಚ್ಚಿದವು. ಮೊದಲ ಬಾರಿಗೆ ಅವನ್ನು ಮುಂದೆ ನೋಡಿದೆ. ಒಳಗೆ ಹೋಗಿ ತಾಯಿಯ ಹಣೆ ಮುಟ್ಟಿದರು, ಅಂಗಾಲು ಮುಟ್ಟಿದರು, ಗುಳಿಗೆ ಎಣಿಸಿದರು. ಮತ್ತೆ ಬಂದು ಕೈ ಕಟ್ಟಿಕೊಂಡು, "ಓದು" ಎಂದರು.

ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದೆ. ಬಿಟ್ಟುಹೋದ ಆ ಸಾಲು ಇರಬೇಕಾಗಿದ್ದ ಜಾಗಕ್ಕೆ ಬಂದಾಗ ದನಿ ನಿಂತಿತು. ಅವರು ತೋರಿಸಲಿಲ್ಲ, ಹೇಳಲಿಲ್ಲ. ನಾನೇ ಬರೆದೆ. ಓಡಿಸಿದೆ. ಕರೆಯಿತು. ಟಿಕಳಿ ಒತ್ತಿದೆ. ಸರ್ ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ಐದು ನಿಮಿಷ. ಮಗ್ಗವಿಲ್ಲ, ಮಾತಿಲ್ಲ, ಫ್ಯಾನು ಮಾತ್ರ. ಆ ಗೂಡ್ಸ್ ಗಾಡಿಯನ್ನು ಇನ್ನೊಮ್ಮೆ ಕಾಯಲು ನಾನು ಸಿದ್ಧನಿದ್ದೆ, ಈ ಐದು ನಿಮಿಷವನ್ನಲ್ಲ. ಐದಾಯಿತು. ಆರಾಯಿತು. ಹತ್ತಾಯಿತು. ಕರೆಯಲಿಲ್ಲ.

ಸರ್ ಎದ್ದರು. "ಗುಳಿಗಿ ಕೊಡು ಅಂತ ನಾ ನಿನಗ ಹೇಳಿದ್ದೆ" ಎಂದರು. "ಅದಕ್ಕ ಹೇಳಿರಲಿಲ್ಲ."

ಮರುದಿನ ಕ್ಲಾಸಿಗೆ ಹೋಗಬೇಕೋ ಬೇಡವೋ ಎಂದು ಓಣಿಯ ತುದಿಯಲ್ಲಿ ನಿಂತಿದ್ದೆ. ಅವರೇ ಬಂದು, ಬಾಗಿ, "ಹೊತ್ತಾತು" ಎಂದರು. ಹೋದೆ. ಅವರ ದನಿಯನ್ನು ಮತ್ತೆ ತೆಗೆಯಲಿಲ್ಲ. ಬಿಸಿಎ ಮುಗಿಯಿತು. ಈಗ ಉದ್ಯಮಬಾಗದ ಒಂದು ಪಂಪು ತಯಾರಿಸುವ ಕಾರ್ಖಾನೆಯ ಆಫೀಸಿನಲ್ಲಿ ಪ್ರೋಗ್ರಾಮ್ ಬರೆಯುತ್ತೇನೆ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತೇನೆ. ಪಕ್ಕದವರು ನನಗೆ ತಲೆ ಸರಿಯಿಲ್ಲ ಅನ್ನುತ್ತಾರೆ. ಓಡಿಸಿದ ಮೇಲೆ ಗಡಿಯಾರ ನೋಡುತ್ತ ಹತ್ತು ನಿಮಿಷ ಕೂಡುತ್ತೇನೆ.

ಸರ್ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಕ್ಲಾಸಿನಲ್ಲೇ, ಕುರ್ಚಿಗಳ ಹಿಂದೆ ಓಡಾಡುತ್ತ ಒಮ್ಮೆ ಗೋಡೆಗೆ ಒರಗಿದರಂತೆ, ಅಷ್ಟೇ. ವೈಷ್ಣವಿ ಫೋನ್ ಮಾಡಿ ಹೇಳಿದಾಗ "ಏನಂದಿ?" ಎಂದೆ. ಅವಳೂ ಎರಡನೇ ಸಲ ಹೇಳಲಿಲ್ಲ, ಹೇಳಲು ಆಗಲಿಲ್ಲ.

ಮೂರನೇ ದಿನ ಹಳೇ ವಿದ್ಯಾರ್ಥಿಗಳೆಲ್ಲ ಆ ಮುಂಗೋಣೆಯಲ್ಲಿ ಸೇರಿದ್ದೆವು. ಕಂಪ್ಯೂಟರುಗಳ ಮೇಲೆ ಬಟ್ಟೆ ಹೊದಿಸಿತ್ತು. ಯಾರೋ ಮೆಲ್ಲಗೆ, "ಪವ್ಯಾ, ಒಮ್ಮೆ ಸರ್ ದನಿ ಮಾಡೋ, ಕೇಳಬೇಕನಸ್ತೈತಿ" ಎಂದ. ಒಲ್ಲೆನೆಂದು ತಲೆಯಾಡಿಸಿ ಒಳಗೆ ಹೋದೆ. ಪಡಸಾಲೆಯಲ್ಲಿ ಕಾಕು, ಮಗಳು, ನಡುವೆ ಆಯಿ. ಯಾರ ದನಿಯನ್ನೂ ತೆಗೆಯದೆ, ಬಾಯಿಯನ್ನೂ ತೆರೆಯದೆ, ಆಯಿಯ ಕಾಲ ಹತ್ತಿರ ಕೂತೆ. ಆಯಿ ನನ್ನ ತಲೆಯ ಮೇಲೆ ಕೈಯಾಡಿಸಿ ಗುರುತು ಹಿಡಿದಳು.

"ಖಾನಾಪುರದಾವ. ಗುಳಿಗಿ ತಗೋ ಅನ್ನೂ ಆ ನಿನ್ನ ಡಬ್ಬಿ ಐತೇನು ಇನ್ನಾ? ತಂದಿಡು. ನನ್ನ ಸೊಸಿ ಈಗ ತನ್ನ ಗುಳಿಗೀನ ಮರೀತಾಳ, ನಂದ ಎಲ್ಲಿ ನೆನಪಿಟ್ಟಾಳ?"

ನಾನು ಅಂಜುತ್ತಿದ್ದದ್ದು ಇದಕ್ಕೇ. ಸತ್ತ ಮಗನ ದನಿ ದಿನಾ ಒಂದು ಗಂಟೆಗೆ ಆ ಪಡಸಾಲೆಯಲ್ಲಿ ಕರೆಯುವುದು, ಆಯಿ ಅದಕ್ಕೆ ಓಗೊಡುವುದು. ಕಾಕು ಕಣ್ಣು ಮುಚ್ಚಿಕೊಂಡರು.

"ಆಯಿ, ಬ್ಯಾಡ್ರಿ" ಎಂದು ಪಿಸುಗುಟ್ಟಿದೆ. "ಅದರಾಗ ಇದ್ದದ್ದು ಸರ್ ದನಿ ಅಲ್ರಿ. ನಿಮಗ ಸುಳ್ಳ ಸುಳ್ಳ ಆಸೆ ಹಚ್ಚಿಧಂಗ ಆಗತೈತಿ."

ಆಯಿ ನನ್ನ ತಲೆಯ ಮೇಲಿನ ಕೈ ತೆಗೆದಳು.

"ನನಗ ಹೇಳಾಕ ಬಂದ್ಯಾ? ಅವತ್ತ ಮೊದಲನೇ ಸಲಕ್ಕ ಸಾಂಬ್ರಾದಿಂದ ಬಂದಾನ ಅಂತ ತಿಳಿದು ಒಂದ ನುಂಗಿದೆ. ಎರಡನೇ ಸಲ ಕರದಾಗನ ಗೊತ್ತಾತು, ಇದು ನನ್ನ ಮಗ ಅಲ್ಲ ಅಂತ. ಅವ ಹುಟ್ಟಿದಾಗಿಂದ ಒಂದ ಮಾತು ಎರಡ ಸಲ ಆಡಿದಾವಲ್ಲ. ಅವನ ದನಿ ಯಾವಾಗ ಬೇಡಿದೆ ನಿನ್ನ? ನಿನ್ನ ದನಿಲೆ ಹೇಳಿ ತಂದಿಡು. ಅದು ಹೆಂಗೈತಿ ಅಂತ ನಾ ಇನ್ನಾ ನೆಟ್ಟಗ ಕೇಳೇ ಇಲ್ಲ."